ಇಂಗ್ಲಿಷ್ ಮಾತು: ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಓದಲು ಬರುತ್ತದೆ, ಮಾತಾಡಲು ಬರುವುದಿಲ್ಲ ಅನ್ನುವವರ ಜೊತೆ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಡಿಪ್ಲೊಮಾ ಮುಗಿಸಿದ ಹುಡುಗರು, ನರ್ಸ್‌ಗಳು, ಬ್ಯಾಂಕಿನವರು, ಮಕ್ಕಳ ಶಾಲೆಯ ಮೀಟಿಂಗಿಗೆ ಹೋಗಬೇಕಾದ ಅಮ್ಮಂದಿರು, ಹೀಗೆ ಎಲ್ಲ ಥರದವರೂ ಬರುತ್ತಾರೆ. ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಊರು ಬೇರೆಯಾದರೂ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವರು ಕೇಳಿದ ಮಾತಿನಲ್ಲೇ ಅವನ್ನು ಇಲ್ಲಿ ಕೊಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನು ಮಾತ್ರ ಓದಿದರೂ ಸಾಕು.

## ಶುರು ಮಾಡುವವರಿಗೆ

ಓದಿದ್ರೆ ಅರ್ಥ ಆಗುತ್ತೆ, ಬರೆಯೋಕೂ ಬರುತ್ತೆ. ಮಾತಾಡೋಕೆ ಹೋದ್ರೆ ಬಾಯಿ ಕಟ್ಟುತ್ತೆ. ಯಾಕೆ ಸರ್?

ನೀವು ಇಷ್ಟು ವರ್ಷ ಇಂಗ್ಲಿಷ್ ಕಲಿತದ್ದು ಕಣ್ಣಿನಿಂದ ಮತ್ತು ಕೈಯಿಂದ. ಬಾಯಿಗೆ ಕೆಲಸವೇ ಸಿಕ್ಕಿಲ್ಲ. ಮೇಷ್ಟ್ರು ಪಾಠ ಓದಿದರು, ಕನ್ನಡದಲ್ಲಿ ಅರ್ಥ ಹೇಳಿದರು, ಬೋರ್ಡಿನ ಮೇಲಿದ್ದ ಪ್ರಶ್ನೋತ್ತರವನ್ನು ನೀವು ಬರೆದುಕೊಂಡಿರಿ. ಇಡೀ ವರ್ಷದಲ್ಲಿ ನಿಮ್ಮ ಬಾಯಿಂದ ನಿಮ್ಮದೇ ಆದ ಒಂದು ಇಂಗ್ಲಿಷ್ ಮಾತು ಹೊರಬಂದಿರುವುದು ಅಪರೂಪ.

ಬರೆಯುವಾಗ ನಿಂತು ಯೋಚಿಸಬಹುದು. ಮಾತಿನಲ್ಲಿ ಎದುರಿಗಿರುವವರು ಕಾಯುತ್ತಿರುತ್ತಾರೆ. ಪದ ಹುಡುಕುವುದು, ಜೋಡಿಸುವುದು, ಹೋದ ಕಾಲವೋ ಬರುವ ಕಾಲವೋ ಅಂತ ನೋಡಿಕೊಳ್ಳುವುದು, ಉಚ್ಚರಿಸುವುದು, ಎಲ್ಲವೂ ಒಂದೆರಡು ಸೆಕೆಂಡಿನಲ್ಲಿ ಆಗಬೇಕು. ಗಟ್ಟಿಯಾಗಿ ಮಾತಾಡಿ ಮಾತಾಡಿಯೇ ಅದು ಬರಬೇಕು, ಬೇರೆ ದಾರಿ ಇಲ್ಲ. ಆದ್ದರಿಂದ ಇನ್ನೊಂದು ಗ್ರಾಮರ್ ಪುಸ್ತಕ ಕೊಳ್ಳಬೇಡಿ. ನಿಮಗೆ ಈಗಾಗಲೇ ಗೊತ್ತಿರುವ ಇಂಗ್ಲಿಷನ್ನು ಬಾಯಿಗೆ ತರುವುದೇ ಮೊದಲ ಕೆಲಸ. ಮುಂದೆ ಹೇಳುವುದೆಲ್ಲ ಇದಕ್ಕೇ ಸೇರಿದ್ದು.

ನಾ ಕನ್ನಡ ಮೀಡಿಯಂದಾಗ ಓದೇನ್ರಿ. ಈಗ ನಲವತ್ತರ ಹತ್ರ ಬಂದೇನಿ. ಇನ್ನ ಬರತೈತೇನ್ರಿ?

ಖಂಡಿತ ಬರುತ್ತದೆ. ವಯಸ್ಸಾದ ಮೇಲೆ ಕಲಿತರೆ ಉಚ್ಚಾರಣೆಯಲ್ಲಿ ತಾಯಿನುಡಿಯ ಗುರುತು ಉಳಿಯುತ್ತದೆ. ಉಳಿಯಲಿ, ಅದರಿಂದ ಯಾವ ತೊಂದರೆಯೂ ಇಲ್ಲ. ಪದ ಕಲಿಯುವುದಕ್ಕೆ, ವಾಕ್ಯ ಕಟ್ಟುವುದಕ್ಕೆ ನಲವತ್ತು ಏನೂ ಅಡ್ಡಿಯಲ್ಲ. ದೊಡ್ಡವರಿಗೆ ಒಂದು ಅನುಕೂಲವೂ ಇದೆ. ಹೇಳಲು ಅವರ ಹತ್ತಿರ ವಿಷಯ ಇರುತ್ತದೆ. ಹೊಲ, ಅಂಗಡಿ, ಆಫೀಸು, ಮನೆ, ಆಸ್ಪತ್ರೆ, ಯಾವುದರ ಬಗ್ಗೆ ಬೇಕಾದರೂ ಕನ್ನಡದಲ್ಲಿ ಅರ್ಧ ಗಂಟೆ ಮಾತಾಡಬಲ್ಲಿರಿ. ಅಲ್ಲಿಂದಲೇ ಶುರು ಮಾಡಿ.

‘30 ದಿನದಲ್ಲಿ ಇಂಗ್ಲಿಷ್’ ಅಂತ ಬೋರ್ಡ್ ನೋಡಿದೆ. ಸೇರ್ಲಾ? ನಿಜವಾಗಿ ಎಷ್ಟು ದಿನ ಬೇಕು?

ಬೋರ್ಡ್ ನಂಬಿ ಸೇರಬೇಡಿ. ಅಮೆರಿಕ ಸರ್ಕಾರದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುತ್ತದೆ. ಇಂಗ್ಲಿಷ್ ತಾಯಿನುಡಿಯಾಗಿರುವವರು ತಮಿಳು, ತೆಲುಗಿನಂಥ ಭಾಷೆಯಲ್ಲಿ ಕೆಲಸ ಮಾಡುವ ಮಟ್ಟಕ್ಕೆ ಬರಲು ಸುಮಾರು 44 ವಾರ, 1,100 ತರಗತಿ ಗಂಟೆ ಬೇಕು ಅನ್ನುವುದು ಅವರ ಲೆಕ್ಕ. ಅಲ್ಲಿ ಪೂರ್ತಿ ದಿನ ಅದೇ ಕೆಲಸ, ಒಳ್ಳೆಯ ಶಿಕ್ಷಕರೂ ಇರುತ್ತಾರೆ. ಆ ಕಡೆಯಿಂದ ಈ ಕಡೆಗೆ ಅಷ್ಟು ದೂರ ಇದ್ದರೆ, ಈ ಕಡೆಯಿಂದ ಆ ಕಡೆಗೂ ದೂರ ಕಡಿಮೆ ಇರಲಾರದು, ಅಲ್ವಾ?

ಆದರೆ ನೀವು ಸೊನ್ನೆಯಿಂದ ಶುರು ಮಾಡುತ್ತಿಲ್ಲ. ಶಾಲೆಯಲ್ಲಿ ಓದಿದ ಇಂಗ್ಲಿಷ್ ಒಳಗೆ ಇದೆ. ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಮಾತಾಡಿದರೆ ಕೆಲವು ತಿಂಗಳಲ್ಲಿ ನಿಮಗೇ ವ್ಯತ್ಯಾಸ ಗೊತ್ತಾಗುತ್ತದೆ. ತರಗತಿಗೆ ಸೇರಲೇಬೇಕು ಅನ್ನಿಸಿದರೆ ಹಣ ಕಟ್ಟುವ ಮುಂಚೆ ಒಂದು ದಿನ ಹಿಂದೆ ಕೂತು ನೋಡಿ. ಒಂದು ಗಂಟೆಯಲ್ಲಿ ಮೇಷ್ಟ್ರು ಎಷ್ಟು ಮಾತಾಡಿದರು, ಕಲಿಯುವವರು ಎಷ್ಟು ಮಾತಾಡಿದರು ಅಂತ ಗಮನಿಸಿ. ಮೇಷ್ಟ್ರೇ ಜಾಸ್ತಿ ಮಾತಾಡುವ ಕಡೆ ಸೇರಬೇಡಿ.

ಗ್ರಾಮರ್ ಮೊದಲಾ, ಮಾತು ಮೊದಲಾ? ಎಷ್ಟು ಪದ ಗೊತ್ತಿರಬೇಕು?

ಮಾತು ಮೊದಲು. ಮಾತಾಡುವಾಗ ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಷ್ಟು ಗ್ರಾಮರನ್ನು ಮಾತ್ರ ಆಮೇಲೆ ನೋಡಿ. ಪದದ ವಿಷಯಕ್ಕೆ ಬಂದರೆ, ಮೈಕೆಲ್ ವೆಸ್ಟ್ ಎಂಬವರು 1953ರಲ್ಲಿ ಕಲಿಯುವವರಿಗಾಗಿ ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯಾಗುವ ಸುಮಾರು 2,000 ಪದಗಳ ಪಟ್ಟಿ ಪ್ರಕಟಿಸಿದರು. ದಿನದ ಮಾತಿನ ಬಹುಪಾಲು ಇಂಥ ಪದಗಳಲ್ಲೇ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಇವುಗಳಲ್ಲಿ ಹೆಚ್ಚಿನವು ನೋಡಿದರೆ ಗೊತ್ತಾಗುತ್ತವೆ. ಗೆಟ್, ಟೇಕ್, ಪುಟ್, ಕೀಪ್, ಮೇಕ್ ಇಂಥ ಸಣ್ಣ ಪದಗಳನ್ನು ಹತ್ತು ಥರ ಬಳಸಲು ಕಲಿಯುವುದು, ಡಿಕ್ಷನರಿಯಿಂದ ದಿನಕ್ಕೆ ಹತ್ತು ದೊಡ್ಡ ಪದ ಉರು ಹೊಡೆಯುವುದಕ್ಕಿಂತ ಎಷ್ಟೋ ಮೇಲು.

## ದಿನದ ಅಭ್ಯಾಸ

ನಮ್ಮೂರಲ್ಲಿ ಇಂಗ್ಲಿಷ್ ಮಾತಾಡೋರು ಯಾರೂ ಇಲ್ಲ. ಯಾರ ಜೊತೆ ಮಾತಾಡ್ಲಿ?

ಮೊದಲ ಎರಡು ಮೂರು ತಿಂಗಳು ನಿಮ್ಮ ಜೊತೆ ನೀವೇ ಮಾತಾಡಿ. ಫೋನಿನ ರೆಕಾರ್ಡರ್ ಆನ್ ಮಾಡಿ ಎರಡು ನಿಮಿಷ ಮಾತಾಡಿ. ವಿಷಯ ದೊಡ್ಡದಿರಬೇಕಿಲ್ಲ. ಬೆಳಿಗ್ಗೆ ಏನು ತಿಂಡಿ ಆಯಿತು, ಬಸ್ ಯಾಕೆ ತಡವಾಯಿತು, ನಾಳೆ ಏನು ಕೆಲಸ ಇದೆ ಅಷ್ಟೇ. ನಿಲ್ಲಿಸಬೇಡಿ, ತಿದ್ದಬೇಡಿ. ಪದ ಸಿಗದಿದ್ದರೆ ಕನ್ನಡದ ಪದ ಹಾಕಿ ಮುಂದೆ ಹೋಗಿ. ಮುಗಿದ ಮೇಲೆ ಕೇಳಿ. ಕನ್ನಡ ಹಾಕಿದ ಜಾಗಗಳನ್ನು ಬರೆದುಕೊಳ್ಳಿ, ಆ ಪದಗಳನ್ನು ಹುಡುಕಿ, ಅದೇ ಎರಡು ನಿಮಿಷವನ್ನು ಇನ್ನೊಮ್ಮೆ ಮಾತಾಡಿ. ಎರಡನೇ ಸಲ ಯಾವಾಗಲೂ ಮೊದಲಿಗಿಂತ ಚೆನ್ನಾಗಿ ಬರುತ್ತದೆ. ಹೀಗೆ ನೀವೇ ಮಾಡುವ ಪಟ್ಟಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಯಾಕೆಂದರೆ ಅದರಲ್ಲಿರುವುದೆಲ್ಲ ನಿಮಗೇ ಬೇಕಾದ ಪದಗಳು.

ಆಮೇಲೆ ನಿಮ್ಮಷ್ಟೇ ಇಂಗ್ಲಿಷ್ ಬರುವ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಹುಡುಕಿ ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿಕೊಳ್ಳಿ. ಇಬ್ಬರೂ ತಪ್ಪು ಮಾಡಿದರೆ ತಪ್ಪನ್ನೇ ಕಲಿಯುತ್ತೇವೆ ಅಂತ ಬಹಳ ಜನ ಹೆದರುತ್ತಾರೆ. ಈ ಹಂತದಲ್ಲಿ ಮಾತು ಹರಿಯುವುದು ಮುಖ್ಯ. ತಿದ್ದಲು ಮುಂದೆ ಬೇಕಾದಷ್ಟು ಅವಕಾಶ ಇದೆ.

ದಿನಕ್ಕೆ ಅರ್ಧ ಗಂಟೆ ಸಿಗುತ್ತೆ ಅಷ್ಟೇ. ಅದನ್ನ ಹೇಗೆ ಬಳಸಲಿ?

ಹತ್ತು ನಿಮಿಷ ಕೇಳಿ, ಹತ್ತು ನಿಮಿಷ ಕೇಳಿದ್ದನ್ನೇ ಜೊತೆಜೊತೆಗೆ ಹೇಳಿ, ಹತ್ತು ನಿಮಿಷ ನಿಮ್ಮ ಸ್ವಂತ ಮಾತಾಡಿ. ಕೇಳಲು ಬಿಬಿಸಿ ಲರ್ನಿಂಗ್ ಇಂಗ್ಲಿಷ್ ಚೆನ್ನಾಗಿದೆ. 1943ರಿಂದ ನಡೆದು ಬಂದಿರುವ ಸೇವೆ ಅದು, ಉಚಿತ. ಅದರ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಕಾರ್ಯಕ್ರಮಕ್ಕೆ ಮಾತಿನ ಬರಹರೂಪವೂ ಸಿಗುತ್ತದೆ.

ಜೊತೆಜೊತೆಗೆ ಹೇಳುವುದಕ್ಕೆ ಶ್ಯಾಡೋಯಿಂಗ್ ಅನ್ನುತ್ತಾರೆ. ಕಿವಿಗೆ ಇಯರ್‌ಫೋನ್ ಹಾಕಿ, ಅವರು ಹೇಳಿದ್ದನ್ನು ಅರೆ ಕ್ಷಣ ಹಿಂದೆ ಹಿಂದೆಯೇ ಹೇಳುತ್ತಾ ಹೋಗಬೇಕು. ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಒತ್ತುತ್ತಾರೆ, ಎಲ್ಲಿ ದನಿ ಇಳಿಸುತ್ತಾರೆ ಅನ್ನುವುದನ್ನೂ ಹಾಗೇ ಹಿಡಿಯಬೇಕು. ದಿನಕ್ಕೊಂದು ಹೊಸ ತುಣುಕು ಬೇಡ. ಒಂದೇ ನಿಮಿಷದ ತುಣುಕನ್ನು ವಾರವಿಡೀ ಮಾಡಿ. ಭಾನುವಾರ ಮೂರು ಗಂಟೆ ಕೂತು ಉಳಿದ ಆರು ದಿನ ಬಿಟ್ಟರೆ ಏನೂ ಉಳಿಯುವುದಿಲ್ಲ.

ಇಂಗ್ಲಿಷ್ ಸಿನಿಮಾ ನೋಡ್ತಾ ಇದ್ರೆ ತಾನಾಗೇ ಬರುತ್ತಾ? ಅವರು ಮಾತಾಡೋದೇ ಅರ್ಥ ಆಗಲ್ಲ.

ಸುಮ್ನೆ ನೋಡಿದರೆ ಕಥೆ ಗೊತ್ತಾಗುತ್ತದೆ, ಮಾತು ಬರುವುದಿಲ್ಲ. ಅರ್ಥ ಆಗದಿರಲು ಕಾರಣ ಪದ ಗೊತ್ತಿಲ್ಲದ್ದೇ ಆಗಿರಬೇಕಿಲ್ಲ. ಇಂಗ್ಲಿಷಿನಲ್ಲಿ ಸಣ್ಣ ಪದಗಳು ಮಾತಿನ ಓಟದಲ್ಲಿ ಸವೆದು ಹೋಗುತ್ತವೆ. ‘ಕಪ್ ಆಫ್ ಟೀ’ ಕಿವಿಗೆ ‘ಕಪ್ಪ ಟೀ’ ಆಗುತ್ತದೆ. ‘ಡಿಡ್ ಯು ಈಟ್’ ಅನ್ನುವುದು ‘ಡಿಜ ಈಟ್’ ಆಗುತ್ತದೆ. ಪುಸ್ತಕದಲ್ಲಿ ನೋಡಿದ ಪದವನ್ನೇ ಕಾಯುತ್ತಾ ಕೂತರೆ ಅದು ಬರುವುದೇ ಇಲ್ಲ. ಎರಡು ನಿಮಿಷದ ಒಂದು ದೃಶ್ಯ ತೆಗೆದುಕೊಳ್ಳಿ. ಮೊದಲು ಅಕ್ಷರ ಇಲ್ಲದೆ ಕೇಳಿ, ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಕೇಳಿ, ಕೊನೆಗೆ ಮತ್ತೆ ಅಕ್ಷರ ಇಲ್ಲದೆ ಕೇಳಿ. ಕನ್ನಡ ಸಬ್‌ಟೈಟಲ್ ಇದ್ದರೆ ಕಣ್ಣು ಅದರ ಮೇಲೇ ಇರುತ್ತದೆ, ಕಿವಿ ಕೆಲಸ ಬಿಡುತ್ತದೆ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸ್ತೀನಿ, ಅದಕ್ಕೇ ಲೇಟಾಗುತ್ತೆ. ಇಂಗ್ಲಿಷಲ್ಲೇ ಯೋಚಿಸೋದು ಹೇಗೆ?

‘ಇಂಗ್ಲಿಷಲ್ಲೇ ಯೋಚಿಸಿ’ ಅನ್ನುವ ಸಲಹೆ ಕೊಡುವುದು ಸುಲಭ, ಶುರುವಿನವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಪದ ಪದವಾಗಿ ಜೋಡಿಸುವ ಬದಲು ತುಂಡು ತುಂಡಾಗಿ ಕಲಿಯಿರಿ. ‘ಐ ವಾಸ್ ಅಬೌಟ್ ಟು ಕಾಲ್ ಯು’, ‘ಇಟ್ ಡಿಪೆಂಡ್ಸ್ ಆನ್’, ‘ಲೆಟ್ ಮಿ ಚೆಕ್ ಆ್ಯಂಡ್ ಗೆಟ್ ಬ್ಯಾಕ್ ಟು ಯು’, ‘ಐ ಆ್ಯಮ್ ನಾಟ್ ಶೂರ್ ಇಫ್’ ಇಂಥವು. ಇವು ಬಾಯಲ್ಲಿ ಸಿದ್ಧವಾಗಿದ್ದರೆ ಜೋಡಿಸುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಒಂದೊಂದು ತುಂಡನ್ನೂ ನಿಮ್ಮ ಬದುಕಿಗೆ ಹೊಂದುವ ಐದು ವಾಕ್ಯಗಳಲ್ಲಿ ಗಟ್ಟಿಯಾಗಿ ಹೇಳಿ. ಸಾಕಷ್ಟು ತುಂಡುಗಳು ಸೇರಿದ ಮೇಲೆ ತಿರುಗಿಸುವ ಅಭ್ಯಾಸ ನಿಮಗೆ ಗೊತ್ತಿಲ್ಲದ ಹಾಗೆ ಬಿಟ್ಟು ಹೋಗುತ್ತದೆ.

ಫೋನ್ ಆ್ಯಪ್, ಎಐ ಜೊತೆ ಮಾತಾಡಿದ್ರೆ ಪ್ರಯೋಜನ ಇದೆಯಾ?

ಇದೆ. ಪದ ಒತ್ತಿ ಅಂಕ ಕೊಡುವ ಆಟದ ಆ್ಯಪ್‌ಗಳಿಂದ ಮಾತಿಗೆ ಹೆಚ್ಚು ಲಾಭ ಇಲ್ಲ. ದನಿಯಲ್ಲಿ ಮಾತಾಡುವ ಎಐ ಮಾತ್ರ ನಾಚಿಕೆ ಜಾಸ್ತಿ ಇರುವವರಿಗೆ ಒಳ್ಳೆಯದು. ಅದು ನಗುವುದಿಲ್ಲ, ಬೇಸರ ಮಾಡಿಕೊಳ್ಳುವುದಿಲ್ಲ. ‘ನೀನು ಬ್ಯಾಂಕ್ ಮ್ಯಾನೇಜರ್, ನಾನು ಲೋನ್ ಕೇಳಲು ಬಂದಿದ್ದೇನೆ’ ಅಂತ ಸನ್ನಿವೇಶ ಕೊಡಿ. ಕೊನೆಯಲ್ಲಿ ಮುಖ್ಯವಾದ ಮೂರು ತಪ್ಪು ಮಾತ್ರ ಹೇಳು ಅನ್ನಿ. ಆದರೆ ಎಐ ನೀವು ತಡವರಿಸಿದರೂ ತಾಳ್ಮೆಯಿಂದ ಕಾಯುತ್ತದೆ, ಮನುಷ್ಯರು ನಡುವೆ ಬಾಯಿ ಹಾಕುತ್ತಾರೆ. ಅದಕ್ಕೇ ಮನುಷ್ಯರ ಜೊತೆಗಿನ ಮಾತನ್ನು ಬಿಡಬೇಡಿ.

## ಕನ್ನಡದ ಕಟ್ಟು, ಇಂಗ್ಲಿಷಿನ ಕಟ್ಟು

ನಾನು ಮಾಡೋ ತಪ್ಪೆಲ್ಲ ಕನ್ನಡದಿಂದ ಬರುತ್ತೆ ಅಂತಾರೆ. ಯಾವ ತಪ್ಪು ಅವು?

ಎಲ್ಲವೂ ಕನ್ನಡದಿಂದ ಬರುವುದಿಲ್ಲ. ಬರುವಂಥವು ಯಾವುವು ಅಂತ ಗೊತ್ತಾದರೆ ಹಿಡಿಯುವುದು ಸುಲಭ. ಕನ್ನಡ ಗೊತ್ತಿರುವ ಶಿಕ್ಷಕರು ಬೇಕು ಅಂತ ನಾನು ಹೇಳುವುದು ಇದೇ ಕಾರಣಕ್ಕೆ.

ಮೊದಲನೆಯದು ‘ನನಗೆ’. ನನಗೆ ಜ್ವರ ಬಂದಿದೆ, ನನಗೆ ಹಸಿವಾಗಿದೆ, ನನಗೆ ಗೊತ್ತು, ನನಗೆ ಇಷ್ಟ, ನನಗೆ ಇಬ್ಬರು ತಮ್ಮಂದಿರಿದ್ದಾರೆ. ಕನ್ನಡದಲ್ಲಿ ಇವೆಲ್ಲ ನಮಗೆ ಆಗುವ ಸಂಗತಿಗಳು. ಇಂಗ್ಲಿಷಿನಲ್ಲಿ ಎಲ್ಲ ಕಡೆ ‘ಐ’ ಮುಂದೆ ನಿಲ್ಲಬೇಕು: ಐ ಹ್ಯಾವ್ ಎ ಫೀವರ್, ಐ ಆ್ಯಮ್ ಹಂಗ್ರಿ, ಐ ನೋ, ಐ ಲೈಕ್, ಐ ಹ್ಯಾವ್ ಟೂ ಬ್ರದರ್ಸ್. ‘ಟು ಮಿ’ ಅಂತ ಬಾಯಿಗೆ ಬಂದ ಕೂಡಲೇ ‘ಐ’ಗೆ ಹೋಗಿ.

ಎರಡನೆಯದು ಕ್ರಿಯಾಪದದ ಜಾಗ. ನಮ್ಮಲ್ಲಿ ಅದು ಕೊನೆಗೆ ಬರುತ್ತದೆ. ‘ನಾನು ನಾಳೆ ಬೆಳಿಗ್ಗೆ ಅಣ್ಣನ ಜೊತೆ ಹುಬ್ಬಳ್ಳಿಗೆ ಹೋಗ್ತೀನಿ’ ಅನ್ನುವಾಗ ಹೋಗುವ ವಿಷಯ ಕೊನೆಯಲ್ಲೇ ತಿಳಿಯುವುದು. ಇಂಗ್ಲಿಷಿನಲ್ಲಿ ‘ಐ ಆ್ಯಮ್ ಗೋಯಿಂಗ್’ ಅನ್ನುವುದನ್ನು ಮೊದಲು ಹೊರಗೆ ಹಾಕಿಬಿಡಿ. ಎಲ್ಲಿಗೆ, ಯಾರ ಜೊತೆ, ಯಾವಾಗ ಅನ್ನುವುದನ್ನು ಆಮೇಲೆ ಸಾವಕಾಶವಾಗಿ ಸೇರಿಸಿ. ಮಾತಿನ ನಡುವೆ ತಡವರಿಸುವವರಿಗೆ ನಾನು ಮೊದಲು ಕೊಡುವ ಅಭ್ಯಾಸ ಇದೇ. ಇದೊಂದರಿಂದಲೇ ಬಹಳ ಜನರ ಮಾತು ಸಲೀಸಾಗಿದೆ.

ಮೂರನೆಯದು ಗೌರವದ ಬಹುವಚನ. ‘ಅಪ್ಪ ಬರ್ತಾರೆ’ ಅನ್ನುವ ಅಭ್ಯಾಸದಿಂದ ಅಪ್ಪನಿಗೂ ಮ್ಯಾನೇಜರಿಗೂ ‘ದೇ’ ಅನ್ನುತ್ತೇವೆ. ಕೇಳುವವರಿಗೆ ಎಷ್ಟು ಜನ ಬರುತ್ತಾರೆ ಅಂತ ಗೊಂದಲ ಆಗುತ್ತದೆ. ‘ಹಿ’, ‘ಶಿ’ ಅನ್ನಿ. ಇಂಗ್ಲಿಷಿನಲ್ಲಿ ಅದರಿಂದ ಯಾರಿಗೂ ಅಗೌರವ ಆಗುವುದಿಲ್ಲ.

ಇನ್ನು ‘ಸಿಂಪ್ಲಿ ಐ ಕೇಮ್’, ‘ಯೆಸ್ಟರ್‌ಡೇ ಓನ್ಲಿ ಐ ಟೋಲ್ಡ್’ ಇವು ನಮ್ಮ ‘ಸುಮ್ನೆ ಬಂದೆ’, ‘ನಿನ್ನೇನೇ ಹೇಳಿದೆ’ ಅನ್ನುವುದರ ನೆರಳು. ಬೆಂಗಳೂರಿನಲ್ಲಿ ಎಲ್ಲರಿಗೂ ಅರ್ಥ ಆಗುತ್ತವೆ. ಹೊರಗಿನವರಿಗೆ ಹೇಳುವಾಗ ‘ಐ ಟೋಲ್ಡ್ ಯು ಯೆಸ್ಟರ್‌ಡೇ’ ಅಂತ ‘ಯೆಸ್ಟರ್‌ಡೇ’ ಮೇಲೆ ದನಿ ಒತ್ತಿದರೆ ಆಯಿತು. ‘ಡಿಡ್’ ಬಂದ ಮೇಲೆ ‘ವೆಂಟ್’ ಬೇಡ, ‘ಗೋ’ ಸಾಕು. ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬೇಡ.

‘ನೀವು ಊಟ ಮಾಡಿಲ್ವಾ’ ಅಂತ ಇಂಗ್ಲಿಷಲ್ಲಿ ಕೇಳಿದ್ರೆ ಯೆಸ್ ಅನ್ಬೇಕಾ, ನೋ ಅನ್ಬೇಕಾ? ನಾನು ಹೇಳಿದ್ದು ಯಾವಾಗ್ಲೂ ಉಲ್ಟಾ ಆಗುತ್ತೆ.

ಬಹಳ ಒಳ್ಳೆಯ ಪ್ರಶ್ನೆ. ಕನ್ನಡದಲ್ಲಿ ‘ಊಟ ಮಾಡಿಲ್ವಾ?’ ಅಂದರೆ ‘ಹೌದು, ಮಾಡಿಲ್ಲ’ ಅನ್ನಬಹುದು. ಕೇಳಿದವರ ಮಾತು ಸರಿ ಅಂತ ನಾವು ಒಪ್ಪುತ್ತೇವೆ. ಇಂಗ್ಲಿಷಿನಲ್ಲಿ ಕೇಳಿದವರನ್ನು ಮರೆತು ಸಂಗತಿಯನ್ನು ಮಾತ್ರ ನೋಡಬೇಕು. ಊಟ ಆಗಿದ್ದರೆ ‘ಯೆಸ್, ಐ ಹ್ಯಾವ್’. ಆಗಿಲ್ಲದಿದ್ದರೆ ‘ನೋ, ಐ ಹ್ಯಾವಂಟ್’. ಫೋನಿನಲ್ಲಿ, ಆಸ್ಪತ್ರೆಯಲ್ಲಿ, ಆಫೀಸಿನಲ್ಲಿ ಬರೀ ಯೆಸ್ ಅಥವಾ ನೋ ಹೇಳಿ ನಿಲ್ಲಿಸಬೇಡಿ. ಪೂರ್ತಿ ವಾಕ್ಯ ಹೇಳಿ. ‘ನೋ, ಐ ಹ್ಯಾವಂಟ್ ಟೇಕನ್ ದ ಟ್ಯಾಬ್ಲೆಟ್’ ಅಂದರೆ ನರ್ಸ್‌ಗೆ ಗೊಂದಲ ಆಗುವುದಿಲ್ಲ.

ನಾನು ಮರ್ಯಾದೆಯಿಂದಲೇ ಮಾತಾಡ್ತೀನಿ. ಆದ್ರೂ ಇಂಗ್ಲಿಷಲ್ಲಿ ಒರಟು ಅನ್ಸುತ್ತಂತೆ. ಹಾಗಂತ ಟೀಮ್ ಲೀಡ್ ಹೇಳಿದ್ರು.

ನಿಮ್ಮ ಮರ್ಯಾದೆ ಕನ್ನಡದ ಕ್ರಿಯಾಪದದಲ್ಲೇ ಇರುತ್ತದೆ. ‘ಕೊಡಿ’, ‘ಹೇಳಿ’, ‘ಬನ್ನಿ’ ಅನ್ನುವಾಗ ಕೊನೆಯ ಸ್ವರವೇ ಗೌರವ ತೋರಿಸುತ್ತದೆ. ಇಂಗ್ಲಿಷಿಗೆ ಬಂದಾಗ ಅದು ಉದುರಿ ‘ಗಿವ್ ಮಿ’, ‘ಟೆಲ್ ಮಿ’, ‘ಸೆಂಡ್ ದ ಫೈಲ್’ ಮಾತ್ರ ಉಳಿಯುತ್ತದೆ. ಕೇಳುವವರಿಗೆ ಅಪ್ಪಣೆ ಕೊಟ್ಟ ಹಾಗೆ. ಇಂಗ್ಲಿಷಿನಲ್ಲಿ ಮರ್ಯಾದೆ ವಾಕ್ಯದ ಶುರುವಿನಲ್ಲಿ ಬರಬೇಕು. ‘ಕುಡ್ ಯು ಸೆಂಡ್ ಮಿ ದ ಫೈಲ್?’, ‘ಕುಡ್ ಐ ಹ್ಯಾವ್ ಸಮ್ ವಾಟರ್?’, ‘ವುಡ್ ಯು ಮೈಂಡ್ ವೇಟಿಂಗ್?’ ಈ ಮೂರು ಶುರುಗಳು ಬಾಯಿಗೆ ಹತ್ತಿದರೆ ಸಾಕು.

ಎ, ಆ್ಯನ್, ದ ಎಲ್ಲಿ ಹಾಕ್ಬೇಕು ಅಂತ ಇನ್ನೂ ಗೊತ್ತಾಗ್ತಿಲ್ಲ.

ಕನ್ನಡದಲ್ಲಿ ಇವು ಇಲ್ಲ, ಹಾಗಾಗಿ ತಡವಾಗಿಯೇ ಬರುತ್ತವೆ. ಮೊದಲ ಸಲ ಹೇಳುವ ಒಂದು ವಸ್ತುವಿಗೆ ‘ಎ’. ಕೇಳುವವರಿಗೂ ಯಾವುದು ಅಂತ ಗೊತ್ತಿದ್ದರೆ ‘ದ’. ‘ಐ ಬಾಟ್ ಎ ಸ್ಕೂಟರ್. ದ ಸ್ಕೂಟರ್ ಈಸ್ ರೆಡ್.’ ಮಾತಾಡುವಾಗ ಇದಕ್ಕಾಗಿ ನಿಲ್ಲಬೇಡಿ. ತಪ್ಪಿದರೂ ಹೆಚ್ಚಿನ ಸಲ ಅರ್ಥ ಕೆಡುವುದಿಲ್ಲ.

## ಉಚ್ಚಾರಣೆ

ಯಾವ ಸದ್ದುಗಳಲ್ಲಿ ನಾವು ಎಡವುತ್ತೇವೆ?

ಇಂಗ್ಲಿಷಿನಲ್ಲಿ 26 ಅಕ್ಷರ, ಸದ್ದುಗಳು ಸುಮಾರು 44. ಕನ್ನಡದಲ್ಲಿ ಬರೆದ ಹಾಗೆ ಓದಿ ರೂಢಿಯಾದ ನಮಗೆ ಮೊದಲ ತೊಡಕೇ ಇದು. ‘ಡೆಟ್’ನಲ್ಲಿ ಬಿ ಇದೆ, ‘ರಿಸೀಟ್’ನಲ್ಲಿ ಪಿ ಇದೆ, ಎರಡನ್ನೂ ಬಾಯಲ್ಲಿ ಹೇಳುವಂತಿಲ್ಲ. ಹೊಸ ಪದವನ್ನು ಕಣ್ಣಿಗಿಂತ ಮೊದಲು ಕಿವಿಗೆ ಕೊಡಿ. ಇಂದಿನ ಡಿಕ್ಷನರಿ ಆ್ಯಪ್‌ಗಳಲ್ಲಿ ಒತ್ತಿದರೆ ದನಿ ಬರುತ್ತದೆ.

ನಮಗೇ ವಿಶೇಷವಾದ ಕೆಲವು ಇವೆ. ಕನ್ನಡದಲ್ಲಿ ‘ಎಲ್ಲ’ ಅನ್ನುವುದನ್ನು ‘ಯೆಲ್ಲ’ ಅಂತಲೂ, ‘ಒಂದು’ ಅನ್ನುವುದನ್ನು ‘ವೊಂದು’ ಅಂತಲೂ ಹೇಳುತ್ತೇವೆ. ಅದೇ ಅಭ್ಯಾಸದಿಂದ ಎವೆರಿ ‘ಯೆವೆರಿ’ ಆಗುತ್ತದೆ, ಓನ್ಲಿ ‘ವೋನ್ಲಿ’ ಆಗುತ್ತದೆ. ನಾಲಿಗೆಯನ್ನೂ ತುಟಿಯನ್ನೂ ಅಲುಗಿಸದೆ ಬಾಯಿ ತೆರೆದು ನೇರವಾಗಿ ಸ್ವರದಿಂದ ಶುರು ಮಾಡಿ. ಇನ್ನೊಂದು, ಬಸ್ಸು, ಬ್ಯಾಗು, ಬಲ್ಬು ಅಂತ ಕೊನೆಗೆ ಉಕಾರ ಸೇರಿಸುವುದು. ಕನ್ನಡ ಮಾತಿನಲ್ಲಿ ಅದು ಸರಿ, ಇಂಗ್ಲಿಷ್ ವಾಕ್ಯದಲ್ಲಿ ವ್ಯಂಜನದಲ್ಲೇ ನಿಲ್ಲಿಸಿ.

ವೆಸ್ಟ್ ಅಂದರೆ ಪಶ್ಚಿಮವೋ ಬನಿಯನ್ನೋ? ನಮ್ಮ ‘ವ’ ಎರಡಕ್ಕೂ ಒಂದೇ. ಪಶ್ಚಿಮಕ್ಕೆ ತುಟಿ ದುಂಡಗೆ ಮಾಡಿ, ಹಲ್ಲು ತಾಗಬಾರದು. ಬನಿಯನ್ನಿಗೆ ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ. ‘ಜೀರೋ’, ‘ಜೂ’ ಅನ್ನುವಾಗ ‘ಸ’ ಹೇಳುವ ಜಾಗದಲ್ಲೇ ನಾಲಿಗೆ ಇಟ್ಟು ಗಂಟಲಿನಿಂದ ದನಿ ಹೊರಡಿಸಿ. ‘ಮ್ಯಾನ್’ ಮತ್ತು ‘ಮೆನ್’ ಒಂದೇ ಥರ ಕೇಳಿದರೆ ನಮ್ಮ ಹಳ್ಳಿಯ ‘ಬ್ಯಾಡ’ ನೆನಪಿಸಿಕೊಳ್ಳಿ. ‘ನಂಗೆ ಬ್ಯಾಡ’ ಅನ್ನುವಾಗ ಬರುವ ಸ್ವರವನ್ನು ಸ್ವಲ್ಪ ಗಿಡ್ಡ ಮಾಡಿದರೆ ‘ಮ್ಯಾನ್’ ಸಿಗುತ್ತದೆ. ಹೋದ ಕಾಲವನ್ನು ಹೇಳುವ ಕ್ರಿಯಾಪದಗಳಲ್ಲಿ ‘ವಾಕೆಡ್’ ಅನ್ನಬೇಡಿ, ‘ವಾಕ್ಟ್’. ಪ್ಲೇ ‘ಪ್ಲೇಡ್’ ಆಗುತ್ತದೆ. ‘ವಾಂಟ್’, ‘ನೀಡ್’ ಥರ ಟ್, ಡ್‌ನಲ್ಲಿ ಮುಗಿಯುವವಕ್ಕೆ ಮಾತ್ರ ಒಂದು ಸ್ವರ ಹೆಚ್ಚು: ‘ವಾಂಟಿಡ್’, ‘ನೀಡಿಡ್’.

ಅಮೆರಿಕನ್ ಆ್ಯಕ್ಸೆಂಟ್ ಕಲೀಬೇಕಾ?

ಬೇಡ. ಕಲಿಯಬೇಕಾದ್ದು ಒತ್ತು. ಕನ್ನಡದಲ್ಲಿ ಅಕ್ಷರಗಳಿಗೆಲ್ಲ ಹೆಚ್ಚುಕಡಿಮೆ ಸಮ ತೂಕ. ಇಂಗ್ಲಿಷಿನಲ್ಲಿ ಒಂದು ಕಡೆ ಜೋರು, ಉಳಿದ ಕಡೆ ಸಡಿಲ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ಭಾಗಕ್ಕೆ, ಫೊಟಾಗ್ರಫಿಯಲ್ಲಿ ಎರಡನೆಯದಕ್ಕೆ, ಫೋಟೋಗ್ರಾಫಿಕ್‌ನಲ್ಲಿ ಮೂರನೆಯದಕ್ಕೆ. ‘ಹೋಟೆಲ್’ನ ಒತ್ತು ಕೊನೆಗೆ, ‘ಡೆವಲಪ್’ನ ಒತ್ತು ನಡುವೆ. ಒತ್ತು ತಪ್ಪಿದರೆ ಪದ ಗೊತ್ತಿದ್ದವರಿಗೂ ಒಮ್ಮೊಮ್ಮೆ ಅರ್ಥವಾಗುವುದಿಲ್ಲ. ಒತ್ತು ಸರಿ ಇದ್ದು ವೇಗ ಹದವಾಗಿದ್ದರೆ ಕನ್ನಡದ ದನಿ ಇದ್ದರೂ ಲಂಡನ್ನಿನವರಿಗೂ ಸಿಂಗಪುರದವರಿಗೂ ನಿಮ್ಮ ಮಾತು ತಿಳಿಯುತ್ತದೆ. ಮಂಡ್ಯದ ದನಿ, ಧಾರವಾಡದ ದನಿ ಇಂಗ್ಲಿಷಿನಲ್ಲೂ ಕೇಳಿಸಿದರೆ ಅದನ್ನು ಮುಚ್ಚಿಡುವ ಅಗತ್ಯ ಇಲ್ಲ.

## ಜನರ ಮುಂದೆ

ತಪ್ಪು ಮಾತಾಡಿದ್ರೆ ನಗ್ತಾರೆ. ಆ ಭಯ ಹೋಗೋದು ಹೇಗೆ?

ನಗುವವರು ಇದ್ದಾರೆ, ಇಲ್ಲ ಅಂತ ನಾನು ಹೇಳುವುದಿಲ್ಲ. ಕನ್ನಡ ಮಾಧ್ಯಮದ ಎಷ್ಟೋ ಮಕ್ಕಳು ಕಾಲೇಜಿನ ಮೊದಲ ವರ್ಷ ಬಾಯಿ ಮುಚ್ಚಿಕೊಂಡೇ ಕಳೆಯುತ್ತಾರೆ. ನನಗೆ ಇದು ಬಹಳ ನೋವಿನ ವಿಷಯ. ತಪ್ಪು ನಗುವವರದ್ದು.

ಭಯ ಹೋದ ಮೇಲೆ ಮಾತಾಡುತ್ತೇನೆ ಅಂತ ಕಾಯಬೇಡಿ. ಕಡಿಮೆ ಭಯದ ಜಾಗದಿಂದ ಶುರು ಮಾಡಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ಇಂಗ್ಲಿಷ್ ಆಯ್ಕೆ ಒತ್ತಿ. ಆ ಕಡೆಯವರಿಗೆ ನೀವು ಯಾರು ಅಂತ ಗೊತ್ತಿಲ್ಲ. ಆಮೇಲೆ ಗುಂಪಿಗೆ ಬನ್ನಿ. ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳು ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿವೆ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಂಸ್ಥೆ ಅದು. ಒಂದೆರಡು ನಿಮಿಷ ಆಶುಭಾಷಣ ಮಾಡಿಸುತ್ತಾರೆ, ನೀವು ಎಷ್ಟು ಸಲ ‘ಆಂ’, ‘ಉಂ’ ಅಂದಿರಿ ಅಂತ ಒಬ್ಬರು ಎಣಿಸುತ್ತಾರೆ, ಕೊನೆಗೆ ಚಪ್ಪಾಳೆ ತಟ್ಟುತ್ತಾರೆ. ಮೊದಲು ಅತಿಥಿಯಾಗಿ ಹೋಗಿ ನೋಡಬಹುದು. ಅಂಥ ಕ್ಲಬ್ ಇಲ್ಲದ ಊರಿನಲ್ಲಿ ನಾಲ್ಕು ಜನ ಸೇರಿ ಲೈಬ್ರರಿಯ ಅಂಗಳದಲ್ಲಿ ಇದನ್ನೇ ನಡೆಸಿ.

ಇಂಟರ್‌ವ್ಯೂನಲ್ಲಿ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದ್ರೆ ಏನ್ ಹೇಳ್ಬೇಕು? ಉರು ಹೊಡೆದ್ರೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ‘ಮೈಸೆಲ್ಫ್ ಇಂಥವನು’ ಅನ್ನುವುದನ್ನು ಇವತ್ತೇ ಬಿಡಿ, ‘ಐ ಆ್ಯಮ್’ ಸಾಕು. ಅಪ್ಪ ಅಮ್ಮ ಏನು ಮಾಡುತ್ತಾರೆ, ಹವ್ಯಾಸ ಏನು ಅನ್ನುವುದು ಬೇಡ. ಈಗ ಏನು ಓದಿದ್ದೀರಿ ಅಥವಾ ಮಾಡುತ್ತಿದ್ದೀರಿ, ನಿಮ್ಮ ಕೈಯಿಂದ ಆದ ಒಂದು ಕೆಲಸ ಯಾವುದು, ಈ ಹುದ್ದೆ ಯಾಕೆ ಬೇಕು, ಇಷ್ಟನ್ನು ಒಂದು ನಿಮಿಷದಲ್ಲಿ ಹೇಳಿ. ವಾಕ್ಯ ಬರೆದಿಡಬೇಡಿ. ಮೂರು ನಾಲ್ಕು ಸುಳಿವಿನ ಪದ ಮಾತ್ರ ಬರೆದುಕೊಂಡು ಬೇರೆ ಬೇರೆ ಥರ ಹೇಳಿ ರೂಢಿ ಮಾಡಿ. ಪ್ರಶ್ನೆ ಅರ್ಥವಾಗದಿದ್ದರೆ ‘ಸಾರಿ, ಕುಡ್ ಯು ರಿಪೀಟ್ ದಟ್?’ ಅಂತ ಕೇಳಿ. ಅರ್ಥವಾಗದ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಕೇಳುವುದೇ ಮೇಲು.

ನಾನು ಸರ್ಕಾರಿ ಶಾಲೆ ಟೀಚರ್. ಮಕ್ಕಳಿಗೆ ಇಂಗ್ಲಿಷ್ ಕಲಿಸ್ಬೇಕು, ನಾನೇ ತಡವರಿಸ್ತೀನಿ. ಏನು ಮಾಡ್ಲಿ ಸರ್?

ಮೇಡಂ, ತರಗತಿಯೇ ನಿಮ್ಮ ಅಭ್ಯಾಸದ ಜಾಗ. ‘ಓಪನ್ ಯುವರ್ ಬುಕ್ಸ್’, ‘ಹೂ ವಾಂಟ್ಸ್ ಟು ಟ್ರೈ?’, ‘ಪಾಸ್ ಇಟ್ ಟು ಯುವರ್ ಫ್ರೆಂಡ್’ ಥರದ ತರಗತಿಯ ಮಾತು ಒಂದು ಐವತ್ತು ಸೇರಿಸಿಕೊಂಡು ದಿನವೂ ಬಳಸಿ. ಪಾಠ ವಿವರಿಸಲು ಕನ್ನಡವನ್ನೇ ಬಳಸಿದರೂ ತಪ್ಪಿಲ್ಲ. ಬೆಂಗಳೂರಿನ ಜ್ಞಾನಭಾರತಿಯಲ್ಲಿ 1963ರಲ್ಲಿ ಶುರುವಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಅದು ತರಬೇತಿ ಕೊಡುತ್ತ ಬಂದಿದೆ. ನಿಮ್ಮ ಬಿಇಒ ಕಚೇರಿಯಲ್ಲಿ ವಿಚಾರಿಸಿ.

## ಇನ್ನೂ ಮುಂದಕ್ಕೆ

ಕೆಲಸ ನಡೆಯುತ್ತೆ ಸರ್, ಮಾತಾಡ್ತೀನಿ. ಆದ್ರೆ ವರ್ಷಗಳಿಂದ ಅದೇ ಪದ, ಅದೇ ವಾಕ್ಯ. ಮುಂದೆ ಹೋಗ್ತಾನೇ ಇಲ್ಲ.

ಈ ಹಂತಕ್ಕೆ ಬಂದವರು ಬಹಳ ಜನ ಇಲ್ಲೇ ನಿಲ್ಲುತ್ತಾರೆ. ಗೊತ್ತಿರುವುದರಲ್ಲೇ ಕೆಲಸ ಆಗುತ್ತಿರುವಾಗ ಬಾಯಿ ಹೊಸದನ್ನು ಹುಡುಕುವುದಿಲ್ಲ. ಇದಕ್ಕೆ 4-3-2 ಅನ್ನುವ ಒಂದು ಅಭ್ಯಾಸವನ್ನು ಭಾಷಾ ಶಿಕ್ಷಕರು 1980ರ ದಶಕದಿಂದ ಬಳಸುತ್ತಿದ್ದಾರೆ. ಒಂದೇ ವಿಷಯವನ್ನು ಒಬ್ಬರಿಗೆ ನಾಲ್ಕು ನಿಮಿಷ ಹೇಳಿ. ಅದನ್ನೇ ಇನ್ನೊಬ್ಬರಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳಿ. ವಿಷಯ ಬಿಡಬಾರದು, ಸಮಯ ಮಾತ್ರ ಇಳಿಯಬೇಕು. ತಡವರಿಕೆ ತಾನಾಗಿ ಕಡಿಮೆಯಾಗುತ್ತದೆ.

ಪದ ಹೆಚ್ಚಿಸಲು ಓದಬೇಕು, ಗಟ್ಟಿಯಾಗಿ ಓದಬೇಕು. ಬೆಳಿಗ್ಗೆ ಪ್ರಜಾವಾಣಿಯಲ್ಲಿ ಓದಿದ ಸುದ್ದಿಯನ್ನೇ ಡೆಕ್ಕನ್ ಹೆರಾಲ್ಡ್‌ನಲ್ಲಿ ಓದಿ. ವಿಷಯ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಹೇಳಿದ ರೀತಿಯ ಮೇಲೆ ಇರುತ್ತದೆ. ಆಮೇಲೆ ಪೇಪರ್ ಮುಚ್ಚಿ, ಆ ಸುದ್ದಿಯನ್ನು ನಿಮ್ಮ ಮಾತಿನಲ್ಲಿ ಹೇಳಿ, ಹೊಸದಾಗಿ ಸಿಕ್ಕ ಎರಡು ತುಂಡುಗಳನ್ನಾದರೂ ಅದರಲ್ಲಿ ಸೇರಿಸಿ.

ಐಇಎಲ್‌ಟಿಎಸ್ ಸ್ಪೀಕಿಂಗ್‌ಗೆ ಹೇಗೆ ತಯಾರಾಗ್ಬೇಕು?

ಐಇಎಲ್‌ಟಿಎಸ್ ಅಂದರೆ ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಕೊಡುವ ಇಂಗ್ಲಿಷ್ ಪರೀಕ್ಷೆ. ಅದರ ಸ್ಪೀಕಿಂಗ್ ಪರೀಕ್ಷೆ 11ರಿಂದ 14 ನಿಮಿಷ, ಪರೀಕ್ಷಕರ ಜೊತೆ ನೇರ ಮಾತು. ಮೂರು ಭಾಗ. ಮೊದಲು ಮನೆ, ಕೆಲಸ, ಓದಿನ ಬಗ್ಗೆ ಸಣ್ಣ ಪ್ರಶ್ನೆಗಳು. ಎರಡನೆಯದರಲ್ಲಿ ಒಂದು ಕಾರ್ಡ್ ಕೊಟ್ಟು, ಒಂದು ನಿಮಿಷ ತಯಾರಿಗೆ ಬಿಟ್ಟು, ಒಂದರಿಂದ ಎರಡು ನಿಮಿಷ ಒಬ್ಬರೇ ಮಾತಾಡಲು ಹೇಳುತ್ತಾರೆ. ಮೂರನೆಯದರಲ್ಲಿ ಅದೇ ವಿಷಯದ ಬಗ್ಗೆ ಆಳವಾದ ಚರ್ಚೆ. ಮಾತಿನ ಹರಿವು, ಪದ ಬಳಕೆ, ವ್ಯಾಕರಣ, ಉಚ್ಚಾರಣೆ ನಾಲ್ಕಕ್ಕೂ ಸಮ ಅಂಕ.

ನಮ್ಮವರು ಸೋಲುವುದು ಹೆಚ್ಚಾಗಿ ಮೂರನೇ ಭಾಗದಲ್ಲಿ ಅಂತ ನನ್ನ ಅನುಭವ. ‘ಯೆಸ್, ಐ ಅಗ್ರೀ’ ಅಂದು ಸುಮ್ಮನಾಗುತ್ತಾರೆ. ಯಾಕೆ, ಒಂದು ಉದಾಹರಣೆ, ಇನ್ನೊಬ್ಬರು ಒಪ್ಪದಿದ್ದರೆ ಏನು ಹೇಳಬಹುದು, ಈ ಮೂರನ್ನೂ ಸೇರಿಸಿ. ನಿಮ್ಮೂರಿನ ಕೆರೆ, ಜಾತ್ರೆ, ಅಡಿಕೆ ತೋಟ, ಬಿಎಂಟಿಸಿ ಬಸ್ಸಿನ ಉದಾಹರಣೆ ಕೊಡಿ. ಗೊತ್ತಿರುವ ವಿಷಯದಲ್ಲಿ ಮಾತು ನಿಲ್ಲುವುದಿಲ್ಲ.

ಮನೇಲಿ ಮಕ್ಕಳ ಜೊತೆ ಇಂಗ್ಲಿಷೇ ಮಾತಾಡಿದ್ರೆ ನನಗೂ ಅಭ್ಯಾಸ ಆಗುತ್ತೆ, ಅವರಿಗೂ ಬರುತ್ತೆ. ಸರಿ ಅಲ್ವಾ?

ಪೂರ್ತಿ ಇಂಗ್ಲಿಷಿಗೆ ಬದಲಾಗಬೇಡಿ ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ನಿಮಗೇ ಸಲೀಸಾಗಿ ಬಾರದ ಭಾಷೆಯಲ್ಲಿ ಮಗುವಿನ ಜೊತೆ ಮಾತಾಡಿದರೆ ಮಾತು ‘ಕಮ್’, ‘ಈಟ್’, ‘ಸ್ಲೀಪ್’ಗೆ ಇಳಿಯುತ್ತದೆ. ಕಥೆ, ತಮಾಷೆ, ಬೈಗುಳ, ಸಮಾಧಾನ ಎಲ್ಲ ಕನ್ನಡದಲ್ಲಿ ಇದ್ದರೆ ಮಗುವಿಗೆ ಮಾತಿನ ಕಸುವು ಬರುತ್ತದೆ. ಇಂಗ್ಲಿಷ್ ಕಲಿಯುವಾಗಲೂ ಅದೇ ಕಸುವು ನೆರವಿಗೆ ಬರುತ್ತದೆ.

ಅಭ್ಯಾಸಕ್ಕೆ ದಿನಕ್ಕೆ ಒಂದು ಹೊತ್ತು ಗೊತ್ತು ಮಾಡಿ. ರಾತ್ರಿ ಊಟ ಆದ ಮೇಲೆ ಹದಿನೈದು ನಿಮಿಷ ಅನ್ನಿ. ಆಗ ಮಗುವಿನ ಇಂಗ್ಲಿಷ್ ಕಥೆ ಪುಸ್ತಕವನ್ನು ಇಬ್ಬರೂ ಗಟ್ಟಿಯಾಗಿ ಓದಿ, ಚಿತ್ರ ನೋಡಿ ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳಿಕೊಳ್ಳಿ. ಮಗು ನಿಮ್ಮ ಉಚ್ಚಾರಣೆ ತಿದ್ದಿದರೆ ತಿದ್ದಿಸಿಕೊಳ್ಳಿ. ಪುಸ್ತಕಕ್ಕೆ ಹೆಚ್ಚು ಖರ್ಚು ಬೇಕಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಮೊದಲು ಕನ್ನಡದಲ್ಲಿ ಓದಿ, ಮರುದಿನ ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಓದಿ.